ಕುಬಸ

ಭಾಗ್ಯನಗರದ ಗೋದಾಮಿನಾಗ
ನಂದು ಕೂದಲ ಬಿಡಿಸೋ ಕೆಲಸ.
ಹರಕಿಗೆ ಬೋಳಿಸಿದ್ದು, ಹಣಗಿಗೆ ಸಿಕ್ಕಿದ್ದು,
ಸ್ಟೀಲ್ ಡಬ್ಬಿಗೆ ಮಾರಿದ್ದು,
ಯಾವ ಊರಿನ ಯಾವ ತಲಿದೋ
ಚೀಲದಾಗ ಉಂಡಿಗಟ್ಟಿ ಬರತೈತಿ.
ದಬ್ಬಣದಲೆ ಬಿಡಿಸಿ, ಮೊಳಿಹಲಗಿಗೆ ಎಳದು,
ಎಂಟು ಇಂಚು, ಹನ್ನೆರಡು, ಹದಿನೆಂಟು,
ಕಟ್ಟು ಕಟ್ಟಿಡೋದು.

ಗಂಟಿಗೆ ನಾ ಅಂಜಾಕಿ ಅಲ್ಲ.
ಯಾವುದು ಬಿಡತೈತಿ, ಯಾವುದಕ್ಕ ಕತ್ತರಿ ಬೇಕು
ಬೆರಳಿಗೆ ಗೊತ್ತು.

ಇದು ಮಾತ್ರ ತಿಳೀಲಿಲ್ಲ.
ಮೂರು ತುಂಬಿತ್ತು. ಎಡಕ್ಕ, ಕಂಕುಳ ಸನೇಕ,
ಹುಣಸಿ ಬೀಜದಷ್ಟು. ನೋವಿಲ್ಲ.
"ಹಾಲಿನ ಗಂಟು" ಅಂದ್ಲು ಅತ್ತಿ,
ಉಪ್ಪು ಹುರದು ಕಾವು ಕೊಟ್ಟಳು.
"ಬಸುರಾಗ ಇರೋದ ಬಿಡು" ಅಂದ್ಲು ನರ್ಸಬಾಯಿ,
ತೂಕ ಬರಕೊಂಡು, ಕಬ್ಬಿಣದ ಗುಳಿಗಿ ಎಣಿಸಿ ಕೊಟ್ಟು.
ನನಗ ಇಪ್ಪತ್ತಾರು.
ಮುದುಕೇರ ಬ್ಯಾನಿ ಅಂತ ತಿಳದಿದ್ದೆ ಅದನ್ನ.

ತಿಂಗಳ ದಾಟಿತು.
ಎದುರಿನ ಹಲಗಿ ಹುಸೇನಬಿ
ಚಾ ಹೊತ್ತಿನಾಗ ಸೆರಗಿನ ಒಳಗ ಕೈಯಾಡಿಸಿ
ಸುಮ್ಮನಾದ್ಲು.
"ಸಿಕ್ಕಲ್ಲವಾ ಇದು. ನಾಳೆನ ಹುಬ್ಬಳ್ಳಿ ಗಾಡಿ ಹತ್ತು."
ವಾರದ ಪಗಾರ ನನ್ನ ಉಡಿಯಾಗ ಹಾಕಿ
ತನ್ನ ಹಲಗಿಗೆ ಹೋಗಿ ಕುಂತ್ಲು.

ಚೀಟಿ ಮಾಡಸೋ ಕಿಡಿಕ್ಯಾಗ ಗಂಡನ ಹೆಸರ ಕೇಳಿದ್ರು.
ಯಮನೂರಪ್ಪ ಅಂದೆ.
ನಮ್ಮ ಕಡೆ ಓಣಿಗೊಬ್ಬ ಇರತಾನ ಯಮನೂರಪ್ಪ.
ಅವತ್ತ ಮೊದಲ ಸಲ
ಮುಂದಿನ ಎರಡಕ್ಷರ ಬ್ಯಾರೆ ಕೇಳಿಸಿದ್ವು.
ಅವ ಗಿಣಿಗೇರಿ ಫ್ಯಾಕ್ಟರಿ ರಾತ್ರಿಪಾಳಿ ಮುಗಿಸಿ ಹಂಗ ಬಂದಿದ್ದ,
ಕಿವಿಯಾಗ ಇನ್ನೂ ಮಸಿ.

ಒಂದ ದಿನ ಎರಡ ಸ್ಕ್ಯಾನು.
ಮ್ಯಾಲಿಂದು ಎರಡೂವರಿ ಸೆಂಟಿಮೀಟರ,
ಕೆಳಗಿನ ಕೂಸಿನ ತೊಡಿ ಎಲುಬೂ ಎರಡೂವರಿ.
ನಾ ಇಂಚಿನಾಕಿ, ಈ ಲೆಕ್ಕ ಬರೂದಿಲ್ಲ ಅಂದೆ.
"ಇಷ್ಟು" ಅಂತ ಆ ಹುಡುಗ ಬೆರಳ ಸಂದಿ ತೋರಿಸಿದ.
ಯಾವುದರದು ಅಂತ ಕೇಳಲಿಲ್ಲ.

"ತಾಯಿನೋ ಕೂಸೋ, ಒಂದರ ಉಳಸ್ರಿ" ಅಂದ್ಲು ಅತ್ತಿ.
ಡಾಕ್ಟರಮ್ಮ ಕಡ್ಡಿ ಮುರದಂಗ ಹೇಳಿದ್ಲು:
"ಒಂದ ಆರಿಸಾಕ ಇದೇನ ಸಂತಿ ಅಲ್ಲಬೇ.
ಆಪರೇಶನ್ ಈಗ. ಔಷಧನೂ ಕೊಡಬಹುದು, ಮೂರು ತಿಂಗಳ ದಾಟ್ಯಾವ.
ಕರೆಂಟು ಮಾತ್ರ ಹಡದ ಮ್ಯಾಲೆ."
ಅತ್ತಿ ನೆಲ ನೋಡಿದ್ಲು. ನಾ ಬಾಗಲ ನೋಡಿದೆ.
ಹೊಟ್ಯಾಗ ಒಂದ ಸಲ ಮೀನು ಹೊಳ್ಳಿದಂಗಾತು.

ಐದರಾಗ ಎಡದ್ದು ತಗದ್ರು.
ಆಮ್ಯಾಲೆ ದಾಸಾಳದ ಬಣ್ಣದ ಔಷಧ,
ಉಚ್ಚಿನೂ ಕೆಂಪ. ಎರಡನೇ ಸಲಕ್ಕ
ತಲಿದಿಂಬಿನ ಮ್ಯಾಲೆ ನನ್ನ ಮಾಲು.
ಹದಿನೇಳು ಇಂಚು, ಚಲೋ ಕರಿ.
ರೂಢಿ ಬಿಡತೈತೇನು, ಸೋಸಿ ಕಟ್ಟು ಕಟ್ಟಿ ಒಯ್ದೆ.
ತೂಕದ ಫಕೀರೇಶಿ ಮಾರಿ ತಗ್ಗಿಸಿ ಅಂದ:
"ಅಕ್ಕಾ, ಬುಡ ತುದಿ ಕಲತಾವ. ಅರ್ಧಾ ರೇಟು."
ಖರೆ. ಮೊದಲ ಕತ್ತರಸಬೇಕಿತ್ತು.
ಅವತ್ತ ನಾ ಅತ್ತದ್ದು ಅದಕ್ಕ.
ಮೊಲಿಗೆ ಅತ್ತಿರಲಿಲ್ಲ.

ಏಳರಾಗ ಕುಬಸ.
ಓಣ್ಯಾಗ ಬ್ಯಾಡ ಅಂದ್ರು,
ಇಂಥಾ ಬ್ಯಾನಿಯಾಕಿಗೆ ಉಡಿ ಹೆಂಗ ತುಂಬೋದು ಅಂತ.
ಅತ್ತಿನ ಎದ್ದು ಮಣಿ ಹಾಕಿದ್ಲು.
ದಂಡಿ ಕಟ್ಟಾಕ ಜಡಿ ಇಲ್ಲ, ಮಣಿಕಟ್ಟಿಗೆ ಸುತ್ತಿದ್ರು.
ಹುಸೇನಬಿ ಹಸರು ಕುಬಸ ಹೊಲದು ತಂದಿದ್ಲು.
ಅಳತಿ ತಗೊಂಡಿರಲೇ ಇಲ್ಲ ಆಕಿ.
ಎಡಕ್ಕ ಟಕ್ಕಿಲ್ಲ, ನೆಟ್ಟಗ. ಬಲಕ್ಕ ಸಡಲ,
ಮುಂದ ಹುಕ್ಕು, ಕೂಸಿಗೆ.
"ಔಷಧ ನಿಲ್ಲೋತನ ಕುಡಸಬಾರದಂತ" ಅಂದೆ.
"ಗೊತ್ತೈತಿ" ಅಂದ್ಲು.
ಬಗಲ ಹೊಲಿಗಿ ಹೊಳ್ಳಿಸಿ ತೋರಿಸಿದ್ಲು:
"ಒಳಗ ಎರಡಿಂಚು ಬಟ್ಟಿ ಬಿಟ್ಟೀನಿ.
ಮೈ ತುಂಬಿದ್ರ ಬಿಚ್ಚಾಕ ಬರತೈತಿ."